ಮನೆಯಲ್ಲೊಬ್ಬರಿಗೆ ಶುಗರ್ ಬಂದಾಗ ಉಳಿದವರ ಕೆಲಸ ಏನು?

ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾದ ಮೊದಲ ವರ್ಷ ನಾನು ಮನೆಯ ಪೊಲೀಸ್ ಆಗಿಬಿಟ್ಟಿದ್ದೆ. ಬಿಸ್ಕತ್ತಿನ ಡಬ್ಬಿ ಮೇಲಿನ ಕಪಾಟು ಸೇರಿತು. ಅವರು ಎರಡನೇ ಸಲ ಬಡಿಸಿಕೊಂಡರೆ ನಾನು ಬೇಕಂತಲೇ ಕೆಮ್ಮುತ್ತಿದ್ದೆ. ದಿನಾ ಬೆಳಿಗ್ಗೆ "ಎಷ್ಟು ಬಂತು?" ಅಂತ ವಿಚಾರಣೆ. ಅಪ್ಪ ಒಂದು ಸಣ್ಣ ನೋಟ್‌ಬುಕ್ ತೆಗೆದು ತೋರಿಸುತ್ತಿದ್ದರು: 108, 112, 110, 109. ನನಗೆ ಖುಷಿಯೋ ಖುಷಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ಮಾಡಿಸಿದರೆ 9 ಬಂತು. 9 ಅಂದರೆ ಅಷ್ಟೂ ದಿನ ರಕ್ತದ ಸಕ್ಕರೆ ಸರಾಸರಿ 212ರ ಸುತ್ತ ಇತ್ತು ಅಂತ ಅರ್ಥ. ನೋಟ್‌ಬುಕ್ ಪೂರ್ತಿ ಕಟ್ಟುಕತೆ!

ಡಾಕ್ಟರು ಅಪ್ಪನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ಸರಿಯಾದ ನಂಬರ್ ಬರೆದಿದ್ದರೆ ಮನೆಯಲ್ಲಿ ಏನಾಗುತ್ತಿತ್ತು?" ಅಂತ ಕೇಳಿದರು. ಏನಾಗುತ್ತಿತ್ತು? ನಾನು ಕೂಗಾಡುತ್ತಿದ್ದೆ.

ಕಾವಲು ಜಾಸ್ತಿಯಾದಷ್ಟೂ ಬಚ್ಚಿಡುವುದು ಜಾಸ್ತಿಯಾಗುತ್ತದೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಈ ಲೇಖನ. ಶುಗರ್ ಇರುವವರಿಗಿಂತ ಅವರ ಜೊತೆ ಇರುವವರಿಗಾಗಿ ಬರೆದದ್ದು. ಔಷಧದ ಡೋಸ್ ಬದಲಾಯಿಸುವ ವಿಷಯ ಬಂದಲ್ಲೆಲ್ಲ ನಿಮ್ಮ ಡಾಕ್ಟರ ಮಾತೇ ಕೊನೆ.

ಹೆಜ್ಜೆ 1: ಸಹಾಯ ಮಾಡುವ ಮೊದಲು ಕೇಳಿ

ಒಂದು ದಿನ ಬಿಡುವಾಗಿ ಕೂತುಕೊಳ್ಳಿ. ಊಟದ ಹೊತ್ತು ಬೇಡ. ಮೀಟರ್‌ನಲ್ಲಿ ಜಾಸ್ತಿ ನಂಬರ್ ಬಂದ ಹೊತ್ತಂತೂ ಬೇಡವೇ ಬೇಡ. ಮೂರು ಪ್ರಶ್ನೆ ಕೇಳಿ. ಇದರಲ್ಲಿ ನಿಮಗೆ ತುಂಬಾ ಕಷ್ಟ ಅನಿಸುವುದು ಯಾವುದು? ನಾನು ಮಾಡುವ ಯಾವ ಕೆಲಸ ನಿಮಗೆ ಅನುಕೂಲ? ನಾನು ಏನು ಮಾಡಿದರೆ ನಿಮಗೆ ಕಿರಿಕಿರಿ?

ಮೂರನೆಯದಕ್ಕೆ ಬರುವ ಉತ್ತರ ಸ್ವಲ್ಪ ಚುಚ್ಚಬಹುದು. ಸುಮ್ನೆ ಕೇಳಿಸಿಕೊಳ್ಳಿ. "ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು" ಅಂತ ಶುರು ಮಾಡಿದರೆ ಮಾತುಕತೆ ಅಲ್ಲಿಗೇ ಮುಗಿಯಿತು. ನಮ್ಮಪ್ಪ ಹೇಳಿದ್ದು ಎರಡೇ ಮಾತು: "ಬೇರೆಯವರ ಮುಂದೆ ನನ್ನ ತಟ್ಟೆ ನೋಡಬೇಡ. ಸಂಜೆ ವಾಕಿಂಗಿಗೆ ಜೊತೆಗೆ ಬಾ." ಎರಡನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಾತಿನ ಧಾಟಿಯನ್ನೂ ಬದಲಾಯಿಸಬೇಕು. "ಯಾಕೆ ಇಷ್ಟು ಜಾಸ್ತಿ? ಏನು ತಿಂದಿರಿ?" ಅಂದರೆ ಅದು ಆರೋಪ. "ಇವತ್ತು ಏನಾದರೂ ಬೇರೆ ಥರ ಇತ್ತಾ?" ಅಂದರೆ ಇಬ್ಬರೂ ಸೇರಿ ಕಾರಣ ಹುಡುಕಬಹುದು. ಶುಗರ್ ಏರುವುದಕ್ಕೆ ತಿಂಡಿಯೊಂದೇ ಕಾರಣವೂ ಅಲ್ಲ. ನೆಗಡಿ ಜ್ವರ, ನಿದ್ದೆಗೆಟ್ಟ ರಾತ್ರಿ, ಟೆನ್ಶನ್, ಸ್ಟೀರಾಯ್ಡ್ ಮಾತ್ರೆ, ನೋವು, ಇವೆಲ್ಲ ಏರಿಸುತ್ತವೆ. ಬೆಳಗಿನ ಜಾವ ದೇಹವೇ ಬಿಡುವ ಕೆಲವು ಹಾರ್ಮೋನುಗಳಿಂದ ಏನೂ ತಿನ್ನದೆಯೂ ಸಕ್ಕರೆ ಮೇಲೆ ಹೋಗುತ್ತದೆ. ಹಾಗಾಗಿ ನಂಬರನ್ನು ಪರೀಕ್ಷೆಯ ಮಾರ್ಕ್ಸ್ ಥರ ನೋಡಬೇಡಿ. ಮುಂದೆ ಏನು ಮಾಡಬೇಕು ಅಂತ ಹೇಳುವ ಸುಳಿವು ಅದು, ಅಷ್ಟೇ.

ಹೆಜ್ಜೆ 2: ಪಾಠ ಎಲ್ಲರೂ ಕೇಳಿ

ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2018 ಮತ್ತು 2019ರ ವಿಶ್ವ ಮಧುಮೇಹ ದಿನಕ್ಕೆ ಇಟ್ಟುಕೊಂಡ ವಿಷಯವೇ "ಕುಟುಂಬ ಮತ್ತು ಮಧುಮೇಹ". ಈ ದಿನ ನವೆಂಬರ್ 14ಕ್ಕೆ ಬರುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ವಿಷಯ ಸರಿಯಾಗಿಯೇ ಇತ್ತು. ಆದರೆ ಹೆಚ್ಚಿನ ಮನೆಗಳಲ್ಲಿ ಡಾಕ್ಟರ ಹತ್ತಿರ ಹೋಗುವುದು ಒಬ್ಬರು, ಅಡುಗೆ ಮಾಡುವುದು ಇನ್ನೊಬ್ಬರು, ಮಾತ್ರೆ ತರುವುದು ಮೂರನೆಯವರು. ಕೇಳಿಸಿಕೊಂಡಿದ್ದು ಮಾತ್ರ ಒಬ್ಬರೇ. ಮನೆಗೆ ಬಂದು ಅವರು ಹೇಳುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಅದಕ್ಕೆ, ಅವರು ಒಪ್ಪಿದರೆ, ಕನಿಷ್ಠ ಅಡುಗೆ ಮಾಡುವವರೂ ಜೊತೆಗೆ ಹೋಗಬೇಕು. ಎಲ್ಲ ಸಲ ಬೇಕಿಲ್ಲ. ನಾಲ್ಕು ಸಂದರ್ಭದಲ್ಲಿ ತಪ್ಪಿಸಬೇಡಿ: ಕಾಯಿಲೆ ಗೊತ್ತಾದಾಗ, ವರ್ಷಕ್ಕೊಮ್ಮೆ, ಹೊಸ ತೊಂದರೆ ಶುರುವಾದಾಗ, ಚಿಕಿತ್ಸೆಯೋ ನೋಡಿಕೊಳ್ಳುವವರೋ ಬದಲಾದಾಗ. ಡಾಕ್ಟರಿಗೆ ಪುರುಸೊತ್ತಿಲ್ಲ ಅಂದರೆ ಡಯಾಬಿಟಿಸ್ ಎಜುಕೇಟರ್, ನರ್ಸ್ ಅಥವಾ ಡಯಟಿಷಿಯನ್ ಇದ್ದಾರಾ ಅಂತ ಕೇಳಿ. ಅರ್ಧ ಗಂಟೆ ಅವರ ಜೊತೆ ಕೂತರೆ ಹತ್ತು ವಿಡಿಯೋ ನೋಡಿದ್ದಕ್ಕಿಂತ ಲಾಭ.

ಹೋಗುವ ಮೊದಲು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮುಖ್ಯವಾದದ್ದು: "ಇವರಿಗೆ ಗುರಿ ಎಷ್ಟು?" ಸಾಮಾನ್ಯವಾಗಿ ದೊಡ್ಡವರಿಗೆ ಊಟಕ್ಕೆ ಮೊದಲು 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಯೊಳಗೆ 180ರ ಕೆಳಗೆ, ಎಚ್‌ಬಿಎ1ಸಿ 7ರ ಕೆಳಗೆ ಅಂತ ಇಟ್ಟುಕೊಳ್ಳುತ್ತಾರೆ. ಆದರೆ ವಯಸ್ಸಾದ, ಬೇರೆ ಕಾಯಿಲೆಗಳಿರುವ ಒಬ್ಬರಿಗೆ 8 ಸಾಕಾಗಬಹುದು. ಗರ್ಭಿಣಿಗೆ ಇದಕ್ಕಿಂತ ಬಿಗಿ ಇರುತ್ತದೆ. ಪಕ್ಕದ ಮನೆಯವರ ಗುರಿ ನಿಮ್ಮ ಮನೆಗೆ ಹೊಂದುವುದಿಲ್ಲ. ನಿಮ್ಮ ಮೀಟರ್ 6, 7, 10 ಅಂತ ಸಣ್ಣ ಸಂಖ್ಯೆ ತೋರಿಸುತ್ತಿದ್ದರೆ ಗಾಬರಿ ಬೇಡ, ಅದು ಬೇರೆ ಅಳತೆ (mmol/L; ಇಲ್ಲಿರುವುದು mg/dL). 18ರಿಂದ ಗುಣಿಸಿದರೆ ಇಲ್ಲಿ ಹೇಳಿದ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ. "ಇನ್ಸುಲಿನ್ ಶುರುವಾಯಿತಾ? ಅಯ್ಯೋ, ಅಲ್ಲಿಗೆ ಬಂತಾ?" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ. ಟೈಪ್ 1 ಇರುವವರ ದೇಹ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚೂಕಡಿಮೆ ನಿಲ್ಲಿಸಿರುತ್ತದೆ, ಅವರಿಗೆ ಅದು ಮೊದಲ ದಿನದಿಂದಲೇ ಬೇಕು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿದ್ದದ್ದೇ ಸ್ವಲ್ಪ ಕಾಲ. ಟೈಪ್ 2ರಲ್ಲೂ ವರ್ಷಗಳು ಕಳೆದಂತೆ ದೇಹದ ಇನ್ಸುಲಿನ್ ಕಮ್ಮಿಯಾಗುತ್ತಾ ಹೋಗುವುದು ಸಹಜ. ಚುಚ್ಚುಮದ್ದು ಶುರುವಾಯಿತು ಅಂದರೆ ಅವರು ಏನೋ ತಪ್ಪು ಮಾಡಿದರು ಅಂತ ಅರ್ಥವಲ್ಲ.

ಹೆಜ್ಜೆ 3: ಕೆಲಸ ಹಂಚಿಕೊಳ್ಳಿ, ಹೆಸರು ಹಾಕಿ

"ನಾವೆಲ್ಲಾ ಇದ್ದೀವಿ" ಅಂದರೆ ಯಾರೂ ಇಲ್ಲ ಅಂತಲೇ ಲೆಕ್ಕ. ಮೀಟರಿನ ಸ್ಟ್ರಿಪ್ ಖಾಲಿಯಾಗುವ ಮೊದಲು ತರುವವರು ಯಾರು? ಲ್ಯಾಬಿನ ದಿನಾಂಕ ನೆನಪಿಡುವವರು ಯಾರು? ವಾರದ ಮಾತ್ರೆ ಡಬ್ಬಿ ತುಂಬುವವರು? ಒಂದೊಂದಕ್ಕೂ ಒಬ್ಬರ ಹೆಸರು ಇರಲಿ. ಶುಗರ್ ಇರುವವರು "ಇದನ್ನು ನಾನೇ ಮಾಡ್ಕೋತೀನಿ" ಅಂದ ಕೆಲಸಕ್ಕೆ ಕೈ ಹಾಕಬೇಡಿ.

ಬೆರಳು ಚುಚ್ಚಿ ನೋಡುವುದು ಎಲ್ಲರಿಗೂ ಬರಬೇಕು, ಹತ್ತು ವರ್ಷದ ಮಗುವೂ ಕಲಿಯಬಹುದು. ಇದರಲ್ಲಿ ಒಂದು ಸಣ್ಣ ಎಡವಟ್ಟು ಇದೆ. ಒಂದು ಸಂಜೆ ಅಪ್ಪನ ಮೀಟರ್ 286 ತೋರಿಸಿತು. ಅವರು ಗಟ್ಟಿಯಾಗಿ "ನಾನೇನೂ ತಿಂದಿಲ್ಲ" ಅಂದರು. ಹಳೆಯ ನಾನಾಗಿದ್ದರೆ ನಂಬುತ್ತಿರಲಿಲ್ಲ. ಅಮ್ಮ ನೆನಪಿಸಿದಳು, ಐದು ನಿಮಿಷದ ಹಿಂದೆ ಅವರು ಮೊಮ್ಮಗಳಿಗೆ ಕಿತ್ತಳೆ ಸುಲಿದು ಕೊಟ್ಟಿದ್ದರು. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು ಮತ್ತೆ ನೋಡಿದರೆ 134! ಹಣ್ಣಿನ ರಸ ಬೆರಳಿಗೆ ಅಂಟಿದ್ದರೆ ಮೀಟರ್ ಅದನ್ನೂ ಸೇರಿಸಿ ಅಳೆಯುತ್ತದೆ. ಅದಕ್ಕೆ ಮೊದಲು ಕೈ ತೊಳೆದು ಪೂರ್ತಿ ಒಣಗಿಸಬೇಕು. ಬೆರಳ ತುದಿಯ ಮಧ್ಯಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಮ್ಮಿ. ದಿನಾ ಬೆರಳು ಬದಲಾಯಿಸಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವ ಹಿಡಿದರೆ ಅದರ ಲೆಕ್ಕ ತಪ್ಪುತ್ತದೆ.

ಇನ್ಸುಲಿನ್ ಇರುವ ಮನೆಯಲ್ಲಿ ಇನ್ನಷ್ಟು ಗಮನ ಬೇಕು. ತೆರೆಯದ ಬಾಟಲಿ, ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನಕ್ಕಿಲ್ಲ. ಬಳಸಲು ಶುರು ಮಾಡಿದ್ದನ್ನು ಬಿಸಿಲು ಬೀಳದ ತಂಪು ಜಾಗದಲ್ಲಿ ಹೊರಗಿಡಬಹುದು, ಹೆಚ್ಚಿನವು ಸುಮಾರು 28 ದಿನ ಬರುತ್ತವೆ. ತೆರೆದ ತಾರೀಕನ್ನು ಅದರ ಮೇಲೆಯೇ ಬರೆದುಬಿಡಿ. ಬಾಟಲಿ ಮತ್ತು ಸಿರಿಂಜ್ ಬಳಸುವವರು ಒಂದನ್ನು ಖಂಡಿತ ನೋಡಬೇಕು: 40 ಅಂತ ಬರೆದ ಬಾಟಲಿಗೆ 40ರ ಸಿರಿಂಜ್, 100ಕ್ಕೆ 100ರದ್ದು. ಸಿರಿಂಜಿನ ಮುಚ್ಚಳ ಕೆಂಪಿದ್ದರೆ 40ರದ್ದು, ಕಿತ್ತಳೆ ಬಣ್ಣದ್ದಾದರೆ 100ರದ್ದು. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಮ್ಮಿಯಾಗುತ್ತದೆ. ಅಂಗಡಿಯಿಂದ ತರುವವರು ಬೇರೆಯವರಾದರೆ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ.

ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಚರ್ಮದ ಕೆಳಗೆ ಕೊಬ್ಬಿನ ಗಂಟು ಬೆಳೆಯುತ್ತದೆ, ಅಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಹಿಂದಿನ ಸಲ ಚುಚ್ಚಿದ ಜಾಗದಿಂದ ಒಂದು ಬೆರಳಗಲ ಸರಿದು ಚುಚ್ಚಬೇಕು. ಕಣ್ಣು ಮಂಜಾಗಿರುವ ಹಿರಿಯರಿಗೆ ಇದನ್ನು ನೋಡಿ ಹೇಳುವವರು ಒಬ್ಬರು ಬೇಕು.

ಹೆಜ್ಜೆ 4: ಮನೆಗೆಲ್ಲ ಒಂದೇ ಅಡುಗೆ

ಒಬ್ಬರಿಗೆ ಮಾತ್ರ ಬೇರೆ ಪಾತ್ರೆ, ಬೇರೆ ಸಪ್ಪೆ ಊಟ. ಇದು ಬಹಳ ದಿನ ನಡೆಯುವುದಿಲ್ಲ. ಮಾಡುವವರಿಗೂ ಸುಸ್ತು, ತಿನ್ನುವವರಿಗೂ ಶಿಕ್ಷೆ. ಅವರಿಗೆ ಒಳ್ಳೆಯದಾದ ಊಟ ಎಲ್ಲರಿಗೂ ಒಳ್ಳೆಯದೇ ಅಲ್ವಾ?

ತೂಕ ಮಾಡುವ, ಕ್ಯಾಲೊರಿ ಎಣಿಸುವ ಗೋಜಿಲ್ಲದೆ ಶುರು ಮಾಡಲು ತಟ್ಟೆಯ ಲೆಕ್ಕ ಸಾಕು. ಸುಮಾರು ಒಂಬತ್ತು ಇಂಚಿನ ತಟ್ಟೆ ತೆಗೆದುಕೊಳ್ಳಿ. ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು ಥರದ ಪ್ರೋಟೀನ್. ಉಳಿದ ಕಾಲು ಭಾಗ ಧಾನ್ಯ. ಆಲೂಗಡ್ಡೆ ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಈ ಲೆಕ್ಕದಲ್ಲಿ ಧಾನ್ಯದ ಕಾಲಿಗೆ ಸೇರುತ್ತದೆ. ಮೊದಲು ತರಕಾರಿ ತಿಂದು ಆಮೇಲೆ ಧಾನ್ಯಕ್ಕೆ ಹೋದರೆ ಶುಗರ್ ನಿಧಾನವಾಗಿ ಏರುತ್ತದೆ. ಹಣ್ಣು ಇಡಿಯಾಗಿ ತಿನ್ನಿ, ರಸ ಹಿಂಡಬೇಡಿ. "ಶುಗರ್ ಫ್ರೀ" ಅಂತ ಬರೆದ ಬಿಸ್ಕತ್ತಿನಲ್ಲೂ ಹಿಟ್ಟು ಇರುತ್ತದೆ, ಆ ಹಿಟ್ಟು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ.

ಸಿಹಿ ಪೂರ್ತಿ ನಿಷೇಧ ಮಾಡಬೇಡಿ. ನಿಷೇಧಿಸಿದ್ದು ಕದ್ದು ತಿನ್ನುವುದಕ್ಕೆ ರುಚಿ ಜಾಸ್ತಿ. ಹಬ್ಬ ಹುಟ್ಟುಹಬ್ಬಕ್ಕೆ ಎಷ್ಟು, ಅದಕ್ಕೆ ಬದಲು ತಟ್ಟೆಯಿಂದ ಏನು ಕಮ್ಮಿ ಅಂತ ಅವರೇ ತೀರ್ಮಾನಿಸಲಿ.

ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮಾಂಸಖಂಡ ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಊಟದ ಏರಿಕೆ ಅಷ್ಟು ಇಳಿಯುತ್ತದೆ. "ಹೋಗಿ ವಾಕ್ ಮಾಡಿ" ಅಂತ ಸೋಫಾದಿಂದ ಹೇಳುವವರಿಗೆ ಬೆಲೆ ಇಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಅವರೇ ಏಳುತ್ತಾರೆ.

ಇದರಲ್ಲಿ ನಿಮ್ಮ ಸ್ವಾರ್ಥವೂ ಇದೆ. ಟೈಪ್ 2 ರಕ್ತಸಂಬಂಧದಲ್ಲಿ ಹರಿದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಜಾಸ್ತಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಶುಗರ್ ಅಂಚಿನಲ್ಲಿದ್ದವರು ತೂಕವನ್ನು ನೂರಕ್ಕೆ ಏಳರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡಾಗ ಕಾಯಿಲೆ ಬರುವುದು ಶೇಕಡಾ 58ರಷ್ಟು ಕಮ್ಮಿಯಾಯಿತು. ಅಪ್ಪನ ಜೊತೆ ನಡೆಯಲು ಶುರು ಮಾಡಿದ ಮೇಲೆ ನಾನೂ ಫಾಸ್ಟಿಂಗ್ ಶುಗರ್ ಮಾಡಿಸಿದೆ. 104. ನೂರರ ಮೇಲೆ, 126ರ ಕೆಳಗೆ ಇದ್ದರೆ ಅಂಚಿನಲ್ಲಿದ್ದೀರಿ ಅಂತ ಲೆಕ್ಕ. ಪೊಲೀಸ್ ಸಾಹೇಬರ ಮುಖ ಆವತ್ತು ನೋಡಬೇಕಿತ್ತು.

ಹೆಜ್ಜೆ 5: ಲೋ ಶುಗರ್ ಆದಾಗ ಏನು ಮಾಡಬೇಕು, ಅಭ್ಯಾಸ ಮಾಡಿ

ಈ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಶುಗರ್ ಜಾಸ್ತಿಯಾಗುವುದು ವರ್ಷಗಟ್ಟಲೆ ನಿಧಾನವಾಗಿ ಹಾಳು ಮಾಡುತ್ತದೆ. ಕಮ್ಮಿಯಾದರೆ ಯೋಚನೆ ಮಾಡಲು ಸಿಗುವುದು ನಿಮಿಷಗಳಷ್ಟೇ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ಇರುವವರಿಗೆ ಈ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಅಪರೂಪ. ಮನೆಯವರ ಮಾತ್ರೆಯ ಹೆಸರು ನಿಮಗೆ ಗೊತ್ತಿರಬೇಕು ಅನ್ನುವುದು ಇದಕ್ಕೇ.

70ರ ಕೆಳಗೆ ಹೋದರೆ ಲೋ. 54ರ ಕೆಳಗೆ ಹೋದರೆ ಗಂಭೀರ. ಲಕ್ಷಣಗಳು: ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಒಮ್ಮೆಲೇ ಹಸಿವು. ಆಮೇಲೆ ಮಾತು ತೊದಲುತ್ತದೆ, ಗೊಂದಲ ಆಗುತ್ತದೆ, ಸಿಡುಕು ಬರುತ್ತದೆ. ಮನೆಯವರು ಎಡವುವುದು ಈ ಸಿಡುಕಿನಲ್ಲೇ. "ಇವರ ಸ್ವಭಾವವೇ ಇಷ್ಟು" ಅಂತ ಜಗಳಕ್ಕೆ ಇಳಿಯುತ್ತಾರೆ. ಕಾರಣವಿಲ್ಲದೆ ಸಿಟ್ಟು ಬಂದರೆ ಮೊದಲು ಮೀಟರ್ ತನ್ನಿ, ಜಗಳ ಆಮೇಲೆ ಆಡಬಹುದು. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಲೋ ಅಂತಲೇ ಭಾವಿಸಿ ಸಕ್ಕರೆ ಕೊಡಿ.

ಕೊಡುವುದು ಎಷ್ಟು? 15 ಗ್ರಾಂ ಸಕ್ಕರೆ. ಅಂದರೆ ಅರ್ಧ ಕಪ್ ಹಣ್ಣಿನ ರಸ, ಅಥವಾ ನೀರಿಗೆ ಮೂರು ನಾಲ್ಕು ಟೀ ಚಮಚ ಸಕ್ಕರೆ, ಅಥವಾ ತಲಾ 4 ಗ್ರಾಮಿನ ಗ್ಲೂಕೋಸ್ ಮಾತ್ರೆ ನಾಲ್ಕು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಮ್ಮಿ ಸಾಕು, ಎಷ್ಟು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. 15 ನಿಮಿಷ ಕಾಯಿರಿ. ಮತ್ತೆ ನೋಡಿ. ಇನ್ನೂ 70 ದಾಟದಿದ್ದರೆ ಮತ್ತೆ 15 ಗ್ರಾಂ. ದಾಟಿದ ಮೇಲೆ, ಊಟಕ್ಕೆ ತುಂಬಾ ಹೊತ್ತಿದ್ದರೆ ಸ್ವಲ್ಪ ಏನಾದರೂ ತಿನ್ನಿಸಿ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಡಯಟ್ ಕೋಲಾದಿಂದ ಏನೂ ಆಗದು, ಅದರಲ್ಲಿ ಸಕ್ಕರೆಯೇ ಇಲ್ಲವಲ್ಲ.

ಒಂದು ಒಳಗುಟ್ಟು ಬಹಳ ಜನರಿಗೆ ಗೊತ್ತಿಲ್ಲ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಲೋ ಆದಾಗ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಗ್ಲೂಕೋಸ್ ಡಬ್ಬಿ ಯಾವ ಮನೆಯಲ್ಲಾದರೂ ಇರಲಿ, ಹಾಸಿಗೆ ಪಕ್ಕ ಒಂದು, ಗಾಡಿಯಲ್ಲಿ ಒಂದು, ಬ್ಯಾಗಿನಲ್ಲಿ ಒಂದು.

ಎಚ್ಚರ ತಪ್ಪಿದ್ದರೆ, ನುಂಗಲು ಆಗದಿದ್ದರೆ, ಬಾಯಿಗೆ ಏನೂ ಹಾಕಬೇಡಿ. ಗಂಟಲಿಗೆ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಪಕ್ಕಕ್ಕೆ ಮಲಗಿಸಿ, ಆಂಬುಲೆನ್ಸ್‌ಗೆ ಫೋನ್ ಮಾಡಿ. ಡಾಕ್ಟರು ಗ್ಲುಕಗಾನ್ (ರಕ್ತದ ಸಕ್ಕರೆ ಬೇಗ ಏರಿಸುವ ಔಷಧ) ಬರೆದುಕೊಟ್ಟಿದ್ದರೆ ಕೊಡಿ. ಚುಚ್ಚುಮದ್ದೂ ಇದೆ, ಮೂಗಿಗೆ ಹಾಕುವ ಪುಡಿಯೂ ಇದೆ. ಕೊಟ್ಟ ಮೇಲೆ ವಾಂತಿ ಬರಬಹುದು, ಪಕ್ಕಕ್ಕೆ ಮಲಗಿಸುವುದು ಅದಕ್ಕೂ ಸೇರಿ. ಈ ಸಮಯದಲ್ಲಿ ಇನ್ಸುಲಿನ್ ಕೊಡುವ ತಪ್ಪನ್ನು ಯಾರೂ ಮಾಡಬಾರದು. ಗಾಬರಿಯಲ್ಲಿ "ಶುಗರ್ ಪೇಷೆಂಟ್ ಬಿದ್ದರು, ಇನ್ಸುಲಿನ್ ಕೊಡಿ" ಅನ್ನುವವರಿದ್ದಾರೆ.

ಒಂದು ಭಾನುವಾರ ಇದನ್ನು ನಾಟಕದ ಥರ ಆಡಿ ನೋಡಿ. ಒಬ್ಬರು ಲೋ ಆದವರಂತೆ ನಟಿಸಲಿ, ಉಳಿದವರು ಗ್ಲೂಕೋಸ್ ಹುಡುಕಲಿ. ನಮ್ಮ ಮನೆಯಲ್ಲಿ ಮೊದಲ ಸಲ ಡಬ್ಬಿ ಸಿಗಲು ನಾಲ್ಕು ನಿಮಿಷ ಹಿಡಿಯಿತು.

ಹೆಜ್ಜೆ 6: ಜ್ವರ, ವಾಂತಿಯ ದಿನ

"ಏನೂ ತಿಂದಿಲ್ಲ, ಅದಕ್ಕೆ ಇನ್ಸುಲಿನ್ ಬೇಡ" ಅನ್ನುವುದು ಸಹಜವಾಗಿ ಬರುವ ಯೋಚನೆ. ಟೈಪ್ 1ರಲ್ಲಿ ಅದು ಅಪಾಯ. ಕಾಯಿಲೆ ಬಿದ್ದಾಗ ಊಟ ಮಾಡದಿದ್ದರೂ ಶುಗರ್ ಏರುತ್ತದೆ. ಇನ್ಸುಲಿನ್ ಪೂರ್ತಿ ನಿಂತರೆ ದೇಹ ಕೊಬ್ಬನ್ನು ಸುಟ್ಟು ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತದೆ. ಡೋಸ್ ಬದಲಾಗಬಹುದು, ನಿಲ್ಲಿಸುವಂತಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಿ, ಕೀಟೋನ್ ಸ್ಟ್ರಿಪ್ ಇದ್ದರೆ ಬಳಸಿ. ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುವವನ್ನು, ವಾಂತಿಭೇದಿ ಇರುವಾಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದು ಅಂತ ಆರೋಗ್ಯವಾಗಿರುವಾಗಲೇ ಡಾಕ್ಟರ ಹತ್ತಿರ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ.

ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋವು ಬಂದರೆ, ಉಸಿರು ಆಳವಾಗಿ ವೇಗವಾದರೆ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂದರೆ, ಮಂಪರು ಕವಿದರೆ, ನೇರ ಆಸ್ಪತ್ರೆಗೆ ಹೋಗಿ.

ಹೆಜ್ಜೆ 7: ಪಾದ ನೋಡುವುದು

ವರ್ಷಗಳ ಶುಗರ್ ಪಾದದ ನರಗಳ ಸ್ಪರ್ಶ ಕಮ್ಮಿ ಮಾಡುತ್ತದೆ. ಚಪ್ಪಲಿಯೊಳಗೆ ಸಣ್ಣ ಕಲ್ಲು ಇದ್ದರೂ ಗೊತ್ತಾಗುವುದಿಲ್ಲ. ಗುಳ್ಳೆ ಆಗುತ್ತದೆ, ಗಾಯ ಆಗುತ್ತದೆ, ನೋವಿಲ್ಲದ್ದರಿಂದ ಯಾರೂ ನೋಡುವುದಿಲ್ಲ. ಅಂಗಾಲನ್ನು ತಾವೇ ಬಗ್ಗಿ ನೋಡಿಕೊಳ್ಳುವುದು ವಯಸ್ಸಾದವರಿಗೆ ಕಷ್ಟ. ಕನ್ನಡಿ ನೆಲಕ್ಕಿಟ್ಟು ನೋಡಬಹುದು, ಮನೆಯವರ ಕಣ್ಣು ಇನ್ನೂ ಒಳ್ಳೆಯದು.

ರಾತ್ರಿ ಮಲಗುವ ಮೊದಲು ಎರಡು ನಿಮಿಷ. ಬೆರಳುಗಳ ಸಂದು ಬಿಡಿಸಿ ನೋಡಿ. ಬಿರುಕು, ಕೆಂಪು, ಊತ, ಬಿಸಿ, ಬಣ್ಣ ಬದಲಾವಣೆ. ತೊಳೆದ ಮೇಲೆ ಸಂದು ಒಣಗಿಸಿ, ಕ್ರೀಮ್ ಹಚ್ಚಿದರೆ ಪಾದಕ್ಕೆ ಹಚ್ಚಿ, ಸಂದಿಗೆ ಬೇಡ. ಬಿಸಿನೀರಿನ ಹದವನ್ನು ಅವರ ಕಾಲಿನಿಂದ ನೋಡಬೇಡಿ, ನಿಮ್ಮ ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ಬೇಡ. ಗಾಯ ಸಣ್ಣದೇ ಇರಲಿ, ಒಂದೆರಡು ದಿನದಲ್ಲಿ ಮಾಯದಿದ್ದರೆ ತೋರಿಸಿ. ಕೆಂಪಾಗಿ ಊದಿಕೊಂಡರೆ ಆವತ್ತೇ ಹೋಗಿ.

ಅಪ್ಪ ಮೊದಲು ಕಾಲು ಕೊಡಲು ನಾಚಿಕೊಂಡರು. ಈಗ ಮೊಮ್ಮಗಳಿಗೆ ಅದು ಕೆಲಸ. ಅವಳು ಟಾರ್ಚ್ ಹಿಡಿದು ಇನ್‌ಸ್ಪೆಕ್ಷನ್ ಮಾಡುತ್ತಾಳೆ.

ಹೆಜ್ಜೆ 8: ವಯಸ್ಸಿಗೆ ತಕ್ಕ ಹಾಗೆ ಬದಲಾಯಿಸಿ

ಮಗುವಿಗೆ ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಸುಸ್ತು, ತೂಕ ಇಳಿಕೆ ಕಂಡರೆ ಅದೇ ದಿನ ಶುಗರ್ ಪರೀಕ್ಷೆ ಮಾಡಿಸಿ. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೂ ಹಾಗೆಯೇ. ಟೈಪ್ 1 ಇರುವ ಮಗುವಿನ ಶಾಲೆಗೆ ಒಂದು ಪುಟದ ಚೀಟಿ ಕೊಡಿ: ಲೋ ಆದರೆ ಹೇಗೆ ಕಾಣುತ್ತಾನೆ, ಗ್ಲೂಕೋಸ್ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಲೋ ಆದ ಮಗುವನ್ನು ಒಂಟಿಯಾಗಿ ಕಳಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಹದಿಹರೆಯದವರ ವಿಷಯ ಬೇರೆ. "ದೊಡ್ಡವನಾದ, ಇನ್ನು ಅವನೇ ನೋಡ್ಕೋತಾನೆ" ಅಂತ ಒಮ್ಮೆಲೇ ಕೈಬಿಟ್ಟರೆ ಶುಗರ್ ಹದ ತಪ್ಪುತ್ತದೆ. ಆ ವಯಸ್ಸಿನ ಹಾರ್ಮೋನುಗಳೇ ಇನ್ಸುಲಿನ್ ಕೆಲಸವನ್ನು ಕಮ್ಮಿ ಮಾಡುತ್ತವೆ, ಅದು ಅವನ ಸೋಮಾರಿತನ ಅಲ್ಲ. ಒಂದೊಂದೇ ಕೆಲಸ ಬಿಟ್ಟುಕೊಡಿ. ದಿನಾ ತನಿಖೆಯ ಬದಲು ವಾರಕ್ಕೊಮ್ಮೆ ಹತ್ತು ನಿಮಿಷ ಜೊತೆಗೆ ಕೂತು ನಂಬರ್ ನೋಡಿ. ಚರ್ಮಕ್ಕೆ ಅಂಟಿಕೊಂಡು ಸದಾ ಶುಗರ್ ಅಳೆಯುವ ಸೆನ್ಸರ್ ಹಾಕಿಕೊಂಡಿದ್ದು ಅದರ ರೀಡಿಂಗ್ ನಿಮ್ಮ ಫೋನಿಗೂ ಬರುತ್ತಿದ್ದರೆ, ಯಾವಾಗ ಮೆಸೇಜ್ ಮಾಡಬಹುದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ರಾತ್ರಿ ಸೆನ್ಸರ್ ಮೇಲೆ ಒರಗಿ ಮಲಗಿದರೆ ಸುಳ್ಳು ಲೋ ತೋರಿಸುವುದೂ ಇದೆ. ಅಲಾರಂ ಹೊಡೆದಾಗ ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ಒಂಟಿಯಾಗಿರುವ ಹಿರಿಯರಿಗೆ ದೊಡ್ಡ ತೊಂದರೆ ಎರಡು: ಮಾತ್ರೆ ತೆಗೆದುಕೊಂಡದ್ದು ಮರೆತು ಮತ್ತೆ ತೆಗೆದುಕೊಳ್ಳುವುದು, ಮಾತ್ರೆ ನುಂಗಿ ಊಟ ಬಿಡುವುದು. ವಾರದ ಡಬ್ಬಿ, ಊಟದ ಹೊತ್ತಿಗೆ ಒಂದು ಫೋನ್, ಇಷ್ಟರಲ್ಲಿ ಬಹಳ ನಡೆಯುತ್ತದೆ. ಪದೇ ಪದೇ ಲೋ ಆಗುತ್ತಿದ್ದರೆ ಡೋಸ್ ಕಮ್ಮಿ ಮಾಡಬಹುದಾ ಅಂತ ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಹೆಜ್ಜೆ 9: ಮನಸ್ಸಿಗೂ ಸುಸ್ತಾಗುತ್ತದೆ

ಈ ಕಾಯಿಲೆಗೆ ರಜೆ ಇಲ್ಲ. ಒಂದು ದಿನ "ಏನಾದರೂ ಆಗಲಿ, ನಂಗೆ ಸಾಕಾಗಿದೆ" ಅನ್ನುವ ಮಾತು ಬಂದೇ ಬರುತ್ತದೆ. ಆಗ ಭಾಷಣ ಬೇಡ. ಆವತ್ತಿನ ಒಂದು ಕೆಲಸ ನೀವು ಮಾಡಿಕೊಡಿ. ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಡಾಕ್ಟರಿಗೆ ಹೇಳಿ. ಶುಗರ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು ಕಾಣುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ನೋಡಿಕೊಳ್ಳುವವರಿಗೂ ಇದೇ ಮಾತು. ರಾತ್ರಿ ಎದ್ದು ಮಗುವಿನ ಶುಗರ್ ನೋಡುವ ಸರದಿ ಒಬ್ಬರ ಮೇಲೇ ಬೀಳದಿರಲಿ.

ಹೆಜ್ಜೆ 10: ಕ್ಯಾಲೆಂಡರಿಗೆ ಏರಿಸಿ

ಎಚ್‌ಬಿಎ1ಸಿ ಗುರಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಅಗಲಿಸಿ ರೆಟಿನಾ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ನೋಡಲು ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯೇಟಿನಿನ್, ಕೊಲೆಸ್ಟರಾಲ್, ಪಾದದ ಸ್ಪರ್ಶ ಪರೀಕ್ಷೆ. ಬಿಪಿ ಹೋದಾಗಲೆಲ್ಲ. ಹಲ್ಲಿನ ಡಾಕ್ಟರನ್ನು ಮರೆಯಬೇಡಿ, ವಸಡಿನ ಕಾಯಿಲೆಗೂ ಶುಗರ್‌ಗೂ ನಂಟಿದೆ. ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ರೆಟಿನಾ ಪರೀಕ್ಷೆ ಮುಂದೂಡಬೇಡಿ. ಹಾಳಾಗುವುದು ಶುರುವಾದಾಗ ಯಾವ ಸೂಚನೆಯೂ ಸಿಗುವುದಿಲ್ಲ.

ಅಪ್ಪನ ನೋಟ್‌ಬುಕ್ ಈಗ ಊಟದ ಮೇಜಿನ ಮೇಲೆ ತೆರೆದೇ ಇರುತ್ತದೆ. ಬಿಸ್ಕತ್ತಿನ ಡಬ್ಬಿಯೂ ಕೆಳಗೆ ಬಂದಿದೆ. ಮೊನ್ನೆ ಹಾಳೆ ತಿರುಗಿಸುವಾಗ ಕಣ್ಣಿಗೆ ಬಿತ್ತು: 126, 141, 118, 231. ಕೊನೆಯದರ ಪಕ್ಕ ಅವರದೇ ಅಕ್ಷರದಲ್ಲಿ ಬರೆದಿತ್ತು: "ಕೇಕ್. ಎರಡು ತುಂಡು."